ಹಸಿರಿಗೆ ಕಾಮಾಲೆ

ನಮ್ಮ ದೊಡ್ಡಪ್ಪನ ಗದ್ದೆಗೆ ಕಾಮಾಲೆ ಬಂದಿದೆ.

ಗದ್ದೆ ನೋಡಿದರೆ ಗೊತ್ತಾಗುವುದಿಲ್ಲ. ನಾಟಿ ಮುಗಿದಿದೆ. ಪೈರು ಬೇರು ಹಿಡಿದು ನಿಂತಿದೆ. ಬದುವಿನ ಮೇಲೆ ಕೂತರೆ ಕಣ್ಣು ತಂಪಾಗುತ್ತದೆ. ರೋಗ ಇರುವುದು ನಗರ ಯೋಜನಾ ಪ್ರಾಧಿಕಾರದ ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ. ಹೋದ ಸಲದ ನಕ್ಷೆಯಲ್ಲಿ ಹಸಿರಾಗಿದ್ದ ದೊಡ್ಡಪ್ಪನ ಎರಡು ಎಕರೆ, ಹೊಸ ಮಾಸ್ಟರ್ ಪ್ಲಾನಿನ ಕರಡಿನಲ್ಲಿ ಹಳದಿಗೆ ತಿರುಗಿದೆ.

ನಕ್ಷೆ ಓದಿ ಅಭ್ಯಾಸ ಇಲ್ಲದವರಿಗೆ ಹೇಳಿಬಿಡುತ್ತೇನೆ. ಹಸಿರು ಅಂದರೆ ಬೇಸಾಯ. ಹಳದಿ ಅಂದರೆ ವಾಸ. ನೇರಳೆ ಅಂದರೆ ಕಾರ್ಖಾನೆ. ಮೈಸೂರು, ಶ್ರೀರಂಗಪಟ್ಟಣದ ಕಡೆ ಯಾವುದಾದರೂ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿ, ಬ್ರೋಕರುಗಳೇ ಪಾಠ ಮಾಡುತ್ತಾರೆ. ‘ಗ್ರೀನ್ ಝೋನಾ? ಬಿಡಿ ಸಾರ್, ಆಮೇಲೆ ನೋಡೋಣ. ಯೆಲ್ಲೋ ಇದ್ರೆ ಹೇಳಿ.’ ಹೆಣ್ಣು ನೋಡಲು ಬಂದವರು ನಕ್ಷತ್ರ ಕೇಳುವ ಹಾಗೆ ಇವರು ಬಣ್ಣ ಕೇಳುತ್ತಾರೆ.

ಭತ್ತವೂ ಹಳದಿಯಾಗುತ್ತದೆ. ಆಗ ದೊಡ್ಡಪ್ಪ ಕೊಯ್ಯುತ್ತಾರೆ. ನಕ್ಷೆ ಹಳದಿಯಾದಾಗಲೂ ಕೊಯ್ಲೇ. ಕೊಯ್ಯುವವರು ಬೇರೆ, ಅಷ್ಟೆ.

ಊರು ಇರುವುದು ಕಾವೇರಿ ನೀರಿನ ವಿರಿಜಾ ನಾಲೆಯ ಕೆಳಗೆ. ನಾಲೆ ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಈ ಬಯಲಲ್ಲಿ ಭತ್ತ ತೂಗುತ್ತಿತ್ತು. ಇಷ್ಟು ಕಾಲ ಹರಿದ ನೀರನ್ನು ನಿಲ್ಲಿಸುವುದು ಕಷ್ಟ ಅಂದುಕೊಂಡಿರಾ? ಒಂದು ಜೆಸಿಬಿ, ಒಂದು ರಾತ್ರಿ ಸಾಕು.

ದೊಡ್ಡಪ್ಪನ ಗದ್ದೆಯ ಮೇಲುಗಡೆ ಮೂರು ವರ್ಷದ ಹಿಂದೆ ಒಂದು ಬಡಾವಣೆ ಎದ್ದಿತು. ಅದರ ಹೆಸರಿನಲ್ಲಿ ‘ಗ್ರೀನ್’ ಇದೆ, ‘ರಿವರ್’ ಇದೆ, ‘ವ್ಯಾಲಿ’ ಕೂಡ ಇದೆ. ಮೂರನ್ನೂ ಜೆಸಿಬಿಯಲ್ಲಿ ಸಮ ಮಾಡಿದ ಮೇಲೆ ಬೋರ್ಡಿಗೆ ಬರೆಸಿದರು. ಹೋದವರ ಫೋಟೋಗೆ ಹಾರ ಹಾಕುವುದು ನಮ್ಮಲ್ಲಿ ವಾಡಿಕೆ ತಾನೇ. ಬಾಗಿಲಲ್ಲಿ ಎರಡು ಸಿಮೆಂಟ್ ಆನೆ. ಒಳಗೆ ರಸ್ತೆಯ ಎರಡೂ ಕಡೆ ಕಡ್ಡಿಗೆ ಕಟ್ಟಿ ನಿಲ್ಲಿಸಿದ ತಾಳೆ ಜಾತಿಯ ಗಿಡಗಳು. ಒಂದು ಕಾಗೆ ಬಂದು ಕೂರೋಣ ಅಂದರೂ ಕೊಂಬೆ ಇಲ್ಲ.

ಅವರ ರಸ್ತೆ ನಮ್ಮ ಕಾಲುವೆಯನ್ನು ದಾಟಬೇಕಿತ್ತು. ದೊಡ್ಡ ಮನಸ್ಸು ಮಾಡಿ ಆರು ಇಂಚಿನ ಒಂದು ಪೈಪು ಇಟ್ಟರು. ಮೊದಲ ಮಳೆಗೇ ಹೂಳು ತುಂಬಿ ಕಟ್ಟಿಕೊಂಡಿತು. ದೊಡ್ಡಪ್ಪ ಈಗಲೂ ವಾರಕ್ಕೊಮ್ಮೆ ಉದ್ದನೆಯ ಬಿದಿರಿನ ಗಳ ತಗೊಂಡು ಹೋಗಿ ಪೈಪಿಗೆ ತೂರಿಸಿ ಚುಚ್ಚುತ್ತಾರೆ. ಮೊದಲು ಕಪ್ಪು ರಾಡಿ ಬರುತ್ತದೆ. ಆಮೇಲೆ ಚಿಪ್ಸ್ ಪ್ಯಾಕೆಟ್ಟು. ಆಮೇಲೆ, ಅದೃಷ್ಟ ಇದ್ದರೆ, ಕಾವೇರಿ.

ಪಕ್ಕದ ಗದ್ದೆಯವರಿಗೆ ಚುಚ್ಚಿ ಚುಚ್ಚಿ ಸಾಕಾಯಿತು. ಎರಡು ವರ್ಷ ಪಾಳು ಬಿಟ್ಟರು. ಪಾಳು ಬಿದ್ದ ಗದ್ದೆಗೆ ಸರ್ಕಾರಿ ಕನ್ನಡದಲ್ಲಿ ‘ಬೇಸಾಯಕ್ಕೆ ಯೋಗ್ಯವಲ್ಲ’ ಅಂತ ಬರೆಯುವುದು ಎಷ್ಟು ಸಲೀಸು ನೋಡಿ. ಆಮೇಲೆ ಬೇಸಾಯದ ನೆಲವನ್ನು ಬೇರೆ ಬಳಕೆಗೆ ತಿರುಗಿಸಲು ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಇದ್ದೇ ಇದೆ. ಅಲಿನೇಷನ್ ಆಯಿತು, ಕಲ್ಲು ನೆಟ್ಟರು, ಸುಣ್ಣ ಬಳಿದರು.

ನನಗೆ ಪ್ರೈಮರಿ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನೆನಪಾದರು. ಹಳದಿಗೆ ನೀಲಿ ಬೆರೆಸಿದರೆ ಹಸಿರು ಬರುತ್ತದೆ ಅಂತ ಕಲಿಸಿದ್ದರು. ಅದನ್ನೇ ತಿರುಗಿಸಿ. ಹಸಿರಿನಿಂದ ನೀಲಿ ತೆಗೆದರೆ? ಹಳದಿ. ಗದ್ದೆಯಿಂದ ನೀರು ತೆಗೆದರೆ? ಸೈಟು. ನಗರ ಯೋಜನೆ ಅಂದರೆ ಇಷ್ಟೇ. ಇದಕ್ಕೆ ಅಷ್ಟು ದಪ್ಪ ವರದಿ ಯಾಕೆ ಬರೆಸುತ್ತಾರೋ.

ಇನ್ನು ಕೊಳ್ಳುವವರಿಗೂ ಅಡ್ಡಿ ಇಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯಿಂದ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದರು. ಮೊದಲು ರೈತನಲ್ಲದವನು ಗದ್ದೆ ಕೊಳ್ಳುವ ಹಾಗಿರಲಿಲ್ಲ. ಈಗ ಕೊಳ್ಳಬಹುದು. ಕೊಂಡವನು ಕಚ್ಚೆ ಕಟ್ಟಿ ಕೆಸರಿಗೆ ಇಳಿಯುತ್ತಾನೆ ಅಂತ ನೀವು ನಂಬಿದರೆ ನಿಮ್ಮ ಕಾಲಿಗೆ ನಮಸ್ಕಾರ.

ನಾನೂ ಸಾಚಾ ಅಲ್ಲ ಅನ್ನಿ. ಮೈಸೂರಿನಲ್ಲಿ ನಾನು ಕಟ್ಟಿದ ಮನೆಯೂ ಒಂದು ಕಾಲದ ಗದ್ದೆಯ ಮೇಲೇ ಇದೆ. ಜೋರು ಮಳೆ ಬಂದ ರಾತ್ರಿ ಹಿತ್ತಲಲ್ಲಿ ಕಪ್ಪೆ ವಟಗುಟ್ಟುತ್ತದೆ. ಹಳೇ ಓನರ್ ಬಾಡಿಗೆ ಕೇಳಲು ಬಂದ ಹಾಗೆ ಅನ್ನಿಸುತ್ತದೆ.

ಅದಿರಲಿ. ಕರಡು ನಕ್ಷೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಟ್ಟಿದ್ದರು. ದೊಡ್ಡಪ್ಪನಿಗೆ ಸುದ್ದಿ ಮುಟ್ಟಿದ್ದು ಐವತ್ತೆಂಟನೇ ದಿನ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದರು. ಕೈಯಲ್ಲಿ ಪಹಣಿ, ಕಂಕುಳಲ್ಲಿ ಒದ್ದೆ ಗೋಣಿಚೀಲ. ಇಬ್ಬರೂ ಕಚೇರಿಗೆ ಹೋದೆವು.

ನಕ್ಷೆ ಗೋಡೆಯ ತುಂಬ ಇತ್ತು. ನಮ್ಮ ಊರು ಉಗುರಿನಷ್ಟು. ಊರ ಕೆರೆಗೆ ತಿಳಿ ನೀಲಿಯ ಒಂದು ಚುಕ್ಕೆ, ಸೊಳ್ಳೆ ಹೊಡೆದ ಕಲೆಯ ಹಾಗೆ. ದೊಡ್ಡಪ್ಪ ಕನ್ನಡಕ ಏರಿಸಿ ಹತ್ತಿರ ಹೋಗಿ ಬೆರಳಿಟ್ಟು ನೋಡಿದರು. ಬೆರಳು ಇಟ್ಟರೆ ಊರೇ ಮುಚ್ಚಿಹೋಗುತ್ತಿತ್ತು.

‘ಎಲ್ಲೈತೆ ಸ್ವಾಮಿ ಹಳದಿ? ಬೆಳಿಗ್ಗೆ ನೋಡ್ಕಂಡೇ ಬಂದಿವ್ನಿ. ಹಸುರಾಗೈತೆ.’

‘ಯಜಮಾನ್ರೇ, ಅದು ಈಗಿನದು’ ಅಂದರು ಗುಮಾಸ್ತರು. ‘ಇದು ಮುಂದಿನದು. ಅಲ್ಲಿ ಆಗ ವಾಸ ಇರುತ್ತೆ.’

‘ಈಗ್ಲೂ ವಾಸ ಅದಲ್ಲ. ನಾನಿಲ್ವಾ?’

ಗುಮಾಸ್ತರು ಒಳ್ಳೆಯವರೇ, ಸುಳ್ಳು ಹೇಳಬಾರದು. ಅರ್ಜಿ ಕೊಟ್ಟರು, ಪೆನ್ನೂ ಕೊಟ್ಟರು. ಕೊನೆಯ ಕಾಲಂ ತೋರಿಸಿ, ‘ಇದರಿಂದ ಹಾನಿ ಆಗುತ್ತೆ ಅನ್ನೋದಕ್ಕೆ ಪುರಾವೆ ಲಗತ್ತಿಸಿ’ ಅಂದರು.

ಇದು ನಮ್ಮ ಕಡೆಯ ಪದ್ಧತಿ. ಹಾಳಾದ ಮೇಲೆ ಹಾಳಾಯಿತು ಅನ್ನಲು ಪುರಾವೆ ತರಬೇಕು. ಬೇಬಿ ಬೆಟ್ಟದ ಕಥೆ ನೆನಪಿದೆಯಲ್ಲ? ಪಾಂಡವಪುರ ತಾಲ್ಲೂಕಿನ ಬೆಟ್ಟ, ಕನ್ನಂಬಾಡಿ ಕಟ್ಟೆಗೆ ಹತ್ತಿರ. ಅಲ್ಲಿ ಕಲ್ಲು ಸಿಡಿಸಿದರೆ 124.80 ಅಡಿ ನೀರು ಹೊತ್ತು ನಿಂತಿರುವ ಕಟ್ಟೆಗೆ ಏನಾದರೂ ಆದೀತೇ ಅಂತ ಪ್ರಶ್ನೆ ಎದ್ದಿತು. ತಿಳಿದವರು ಯೋಚನೆ ಮಾಡಿ ಒಂದು ದಾರಿ ಹುಡುಕಿದರು. ಸಿಡಿಸಿ ನೋಡುವುದು! ಅದಕ್ಕೆ ಟ್ರಯಲ್ ಬ್ಲಾಸ್ಟ್ ಅಂತ ಹೆಸರು. ಬಣವೆಗೆ ಬೆಂಕಿ ಹತ್ತುತ್ತದೋ ಇಲ್ಲವೋ ಅಂತ ಕಡ್ಡಿ ಗೀರಿ ನೋಡುವ ಹಾಗೆ. ರೈತರು ಅಡ್ಡ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯೇ ಬೇಡ ಅಂದಿತು. ಆಮೇಲೂ ಟ್ರಯಲ್ ಬ್ಲಾಸ್ಟಿನ ಮಾತು ಎದ್ದಿತು, ರೈತರು ಮತ್ತೆ ಬೀದಿಗೆ ಬಂದರು. ಈ ಕಡ್ಡಿಪೆಟ್ಟಿಗೆ ಯಾರ ಜೇಬಿನಲ್ಲಿದೆಯೋ ಕಾಣೆ, ಖಾಲಿಯಾಗುವುದೇ ಇಲ್ಲ.

ಹಾನಿಯ ಕಾಲಂನಲ್ಲಿ ಹಕ್ಕಿಗಳ ವಿಷಯ ಬರೆಯೋಣ ಅಂದುಕೊಂಡೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು, ಎಲ್ಲರೂ ಶುಭಾಶಯ ಹೇಳಿಕೊಂಡೆವು. ಅಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆ ಬಸವನಹುಳು ಹುಡುಕಿಕೊಂಡು ಇಳಿಯುವುದು ಸುತ್ತಲಿನ ಗದ್ದೆಗಳಿಗೆ. ಹಕ್ಕಿ ಮಲಗುವ ಲಾಡ್ಜಿಗೆ ಅಂತರರಾಷ್ಟ್ರೀಯ ಮಾನ್ಯತೆ. ಊಟದ ಮೆಸ್ಸಿಗೆ ಹಳದಿ ಬಣ್ಣ. ಇದನ್ನೇ ಸರ್ಕಾರಿ ಭಾಷೆಯಲ್ಲಿ ಬರೆದೆ. ಗುಮಾಸ್ತರು ಓದಿ, ‘ಹಕ್ಕಿಗಳು ಆಕ್ಷೇಪಣೆ ಕೊಟ್ಟಿವೆಯಾ ಸಾರ್?’ ಅಂದು ನಕ್ಕರು. ತಮಾಷೆಗೇ ಅಂದದ್ದು.

‘ಹಂಗಾರೆ ಡೆವಲಪ್‌ಮೆಂಟ್ ಬೇಡ್ವಾ?’ ಅಂತ ಹಿಂದೆ ಸರದಿಯಲ್ಲಿ ನಿಂತಿದ್ದ ಬಿಳಿ ಅಂಗಿಯವರು ಕೇಳಿದರು. ದೊಡ್ಡಪ್ಪ ತಿರುಗಿ ಸಮಾಧಾನವಾಗಿ ಹೇಳಿದರು. ಮದ್ದೂರಿನ ಕಡೆ ಅವರ ಭಾವಮೈದನ ಅರ್ಧ ಎಕರೆ ಬೆಂಗಳೂರು ಹೆದ್ದಾರಿಗೆ ಹೋಯಿತು. 2023ರ ಮಾರ್ಚಿನಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದರು, ಭಾವಮೈದ ಹೋಗಿ ಚಪ್ಪಾಳೆ ತಟ್ಟಿ ಬಂದ. ಆಗಸ್ಟ್ 1ರಿಂದ ಅದೇ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಅಂತ ಆಯಿತು. ‘ಗದ್ದೆ ಓಯ್ತು ಅಂತ ಬೇಜಾರಿಲ್ಲ ಕಣಪ್ಪ. ಅವನ ಗದ್ದೆ ಮ್ಯಾಲೆ ಅವನ ಟ್ರ್ಯಾಕ್ಟ್ರು ಓಗಂಗಿಲ್ವಲ್ಲ, ಅದ್ಕೇ ನಗು ಬತ್ತದೆ.’ ಬಿಳಿ ಅಂಗಿಯವರು ಫೋನ್ ತೆಗೆದು ನೋಡತೊಡಗಿದರು.

ಪುರಾವೆ ಬೇಕಲ್ಲ. ದೊಡ್ಡಪ್ಪ ಗೋಣಿಚೀಲ ಬಿಚ್ಚಿದರು. ಒಳಗೆ ನಾಟಿ ಮಾಡಿ ಮಿಕ್ಕಿದ್ದ ಪೈರಿನ ಒಂದು ಕಂತೆ. ಬೇರಿಗೆ ಇನ್ನೂ ಕೆಸರು ಮೆತ್ತಿತ್ತು. ಅದನ್ನು ಕೌಂಟರಿನ ಮೇಲೆ, ಗಾಜಿನ ಮೇಲೇ ಇಟ್ಟರು. ಕೆಸರು ನೀರು ಇಳಿದು ಗಾಜಿನಡಿಯ ರಜಾದಿನಗಳ ಪಟ್ಟಿ ಒದ್ದೆಯಾಯಿತು. ಗುಮಾಸ್ತರು ಒಂದು ಗಳಿಗೆ ಏನೂ ಹೇಳಲಿಲ್ಲ. ಆಮೇಲೆ ಅಭ್ಯಾಸ ಬಲ ನೋಡಿ, ‘ಇದನ್ನ ಟಪಾಲಿಗೆ ಕೊಡಿ’ ಅಂದರು.

ಟಪಾಲಿನ ಹೆಣ್ಣುಮಗಳು ಅರ್ಜಿಗೆ ಸೀಲು ಹಾಕಿದಳು. ರಿಜಿಸ್ಟರಿನಲ್ಲಿ ‘ಲಗತ್ತು: ಪೈರು, 1 ಕಂತೆ’ ಅಂತ ಬರೆದುಕೊಂಡಳು. ನಾನು ಸ್ವೀಕೃತಿಯ ಫೋಟೋ ತೆಗೆದಿಟ್ಟಿದ್ದೇನೆ, ಸುಳ್ಳಲ್ಲ.

ಹೊರಡುವ ಮುಂಚೆ ಒಂದು ಸಂಶಯ ಕೇಳಿದೆ. ಹಸಿರು ಹಳದಿಯಾಗಲು ಅರ್ಜಿ ಇದೆ. ಹಳದಿಯನ್ನು ವಾಪಸ್ ಹಸಿರು ಮಾಡಿಸಲು? ಗುಮಾಸ್ತರು ಎರಡು ಡ್ರಾಯರ್ ಎಳೆದು ನೋಡಿ, ‘ಅಂಥ ಫಾರಂ ಬಂದಿಲ್ಲ ಸಾರ್’ ಅಂದರು.

ಎರಡು ತಿಂಗಳಾದ ಮೇಲೆ, ಗಾಂಧಿ ಜಯಂತಿ ಕಳೆದ ವಾರ, ಏನಾಯಿತು ಅಂತ ಕೇಳಲು ಮತ್ತೆ ಹೋದೆವು. ಆಕ್ಷೇಪಣೆ ‘ಪರಿಶೀಲನೆಯಲ್ಲಿದೆ’. ನಕ್ಷೆ ಗೋಡೆಯ ಮೇಲೇ ಇದೆ. ಒಂದೇ ಬದಲಾವಣೆ. ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಮಣ್ಣು ತುಂಬಿಸಿ, ಯಾರೋ ನಮ್ಮ ಲಗತ್ತನ್ನು ನೆಟ್ಟಿದ್ದರು. ಟಪಾಲಿನ ಹೆಣ್ಣುಮಗಳೇ ಇರಬೇಕು, ನಮ್ಮನ್ನು ನೋಡಿ ಸ್ವಲ್ಪ ನಾಚಿಕೊಂಡಳು.

ದೊಡ್ಡಪ್ಪ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

‘ಹಳದಿ ಬಿದ್ದೈತೆ ಕಣವ್ವಾ’ ಅಂದರು. ‘ಒಂದು ಚಿಟಿಕೆ ಯೂರಿಯಾ ಹಾಕು, ಹಸುರಾಯ್ತದೆ. ಇದ್ಕೆ ಫಾರಂ ಗೀರಂ ಏನೂ ಬ್ಯಾಡ.’