ಕೊರಿಯಾಕ್ಕಿಂತ ಮೊದಲೇ ಬರ್ಮಾದಲ್ಲಿ

ಹೆಲಿಕಾಪ್ಟರ್ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು ಸರ್. ಆದರೆ ಹೆಲಿಕಾಪ್ಟರ್‌ನಲ್ಲಿ ಗಾಯಾಳುಗಳನ್ನು ಸಾಗಿಸುವುದು ಕೊರಿಯಾ ಯುದ್ಧದಲ್ಲಿ (1950–53) ಶುರುವಾಯಿತು ಎಂದಿದ್ದೀರಿ, ಅದು ಸರಿಯಲ್ಲ. ಎರಡನೇ ಮಹಾಯುದ್ಧದ ವೇಳೆ, 1944ರ ಏಪ್ರಿಲ್‌ನಲ್ಲೇ ಬರ್ಮಾ (ಈಗಿನ ಮ್ಯಾನ್ಮಾರ್) ಕಾಡಿನಲ್ಲಿ ಈ ಕೆಲಸ ನಡೆದಿತ್ತು. ಯಂತ್ರ ಅಮೆರಿಕದ ಸಿಕೋರ್ಸ್ಕಿ ಕಂಪನಿಯ ವೈಆರ್-4ಬಿ ಹೆಲಿಕಾಪ್ಟರ್. ಇದರ ಮೂಲ ಮಾದರಿ ಮೊದಲ ಸಲ ಹಾರಿದ್ದೇ 1942ರ ಜನವರಿಯಲ್ಲಿ! ರಕ್ಷಣೆಗೆ ಹೊರಟಿದ್ದು ನಮ್ಮ ಅಸ್ಸಾಂನ ಲಾಲಾಘಾಟ್‌ನಿಂದ. ಜಪಾನಿ ಸೈನಿಕರ ನಡುವೆ ಸಿಕ್ಕಿಬಿದ್ದಿದ್ದ ಒಬ್ಬ ಪೈಲಟ್ ಮತ್ತು ಮೂವರು ಬ್ರಿಟಿಷ್ ಗಾಯಾಳುಗಳನ್ನು ಅಮೆರಿಕದ ಹೆಲಿಕಾಪ್ಟರ್ ಪೈಲಟ್ ಕಾರ್ಟರ್ ಹಾರ್ಮನ್ ಹೊರತಂದರು. ಇದ್ದದ್ದು ಎರಡೇ ಸೀಟು, 180 ಅಶ್ವಶಕ್ತಿಯ ಎಂಜಿನ್. ಅಲ್ಲಿನ ಸೆಕೆಗೆ ಎಂಜಿನ್ ಜಾಸ್ತಿ ಕಾಯುತ್ತಿತ್ತು, ಎತ್ತುವ ಶಕ್ತಿಯೂ ಕುಂದುತ್ತಿತ್ತು. ಹಾಗಾಗಿ ಒಂದು ಸಲಕ್ಕೆ ಒಬ್ಬರನ್ನಷ್ಟೇ ಕೂರಿಸಿಕೊಂಡು ಹಾರಬೇಕಾಯಿತು. ಅಂಥ ಯಂತ್ರ ನಂಬಿ ಕಾಡಿಗಿಳಿಯುವುದು ಸುಮ್ನೆ ಮಾತಲ್ಲ ಅಲ್ವಾ? ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.