ಕತ್ತಿಯ ಹಿಡಿ ನೋಡ್ರಪ್ಪಾ, ಮೊದಲು ಹಿಡಿ ನೋಡಿ!

ಮತ್ತೆ ಅದೇ. ನಿನ್ನೆ ರಾತ್ರಿ ಒಂದು ಐತಿಹಾಸಿಕ ಸಿನಿಮಾದ ಟ್ರೇಲರ್ ಬಂತು. ಹೆಸರು ಹೇಳಲ್ಲ, ಅಭಿಮಾನಿ ಸಂಘದವರ ಹತ್ರ ಬೈಸಿಕೊಳ್ಳೋ ಶಕ್ತಿ ಈಗಿಲ್ಲ. ಹೀರೋ ಕೈಲಿ ತಲ್ವಾರ್. ಬಾಗಿದ ಅಲಗು, ಹಿಡಿ ತುದಿಯಲ್ಲಿ ದುಂಡು ಬಿಲ್ಲೆ, ಎಲ್ಲಾ ಸರಿಯಾಗೇ ಇದೆ. ಕಲಾ ನಿರ್ದೇಶಕರಿಗೆ ಕೈ ಮುಗೀಬೇಕು. ಆಮೇಲೆ ಆ ಮಹಾನುಭಾವ ಎಡಗೈಯನ್ನೂ ತಂದು ಬಿಲ್ಲೆ ಮೇಲೆ ಇಟ್ಟ. ಎರಡೂ ಕೈ ತಲೆ ಮೇಲೆತ್ತಿ ಸಮುರಾಯ್ ತರ ಬೀಸಿದ. ಕೆಳಗೆ ಕಾಮೆಂಟುಗಳಲ್ಲಿ "ನಮ್ಮ ಕತ್ತಿವರಸೆ ಅಂದ್ರೆ ಇದು" ಅಂತ ಬೆಂಕಿ ಚಿತ್ರ ಹಾಕಿದ್ದೇ ಹಾಕಿದ್ದು.

ಅದು ನಮ್ಮ ಕತ್ತಿವರಸೆ ಅಲ್ಲ ಸ್ವಾಮಿ. ಯಾರ ವರಸೆಯೂ ಅಲ್ಲ.

ಗೊತ್ತಿರೋರಿಗೆ ಗೊತ್ತು, ನಾನು ಈ ವಿಷಯಕ್ಕೆ ಬಂದ್ರೆ ಹೀಗೇ. ಯಾವ ದೇಶದ ಕತ್ತಿಯಾದ್ರೂ ಮೊದಲು ಹಿಡಿ ನೋಡಬೇಕು. ಅಲಗು ಆಮೇಲೆ. ಕೈ ಹೇಗೆ ಆಡಬೇಕು, ಇನ್ನೊಂದು ಕೈಲಿ ಏನಿತ್ತು, ಎದುರಾಳಿ ಏನು ತೊಟ್ಟಿದ್ದ, ಎಲ್ಲಾ ಅದರಲ್ಲಿ ಬರೆದಿರುತ್ತೆ.

ತಲ್ವಾರ್‌ನೇ ತಗೊಳ್ಳಿ. ಅಡ್ಡಪಟ್ಟಿಗೂ ಬಿಲ್ಲೆಗೂ ನಡುವೆ ಸುಮಾರು 8 ಸೆಂಟಿಮೀಟರ್ ಜಾಗ. ಗಂಡಸಿನ ಒಂದು ಮುಷ್ಟಿ ಹಿಡಿಸೋದೇ ಕಷ್ಟ. ಇದನ್ನ ನೋಡಿದ ಬ್ರಿಟಿಷರಲ್ಲಿ ಕೆಲವರು ಭಾರತೀಯರ ಕೈಯೇ ಚಿಕ್ಕದು ಅಂತ ತೀರ್ಮಾನ ಮಾಡಿಬಿಟ್ರು! ಕೈ ಚಿಕ್ಕದಲ್ಲ, ಹಿಡಿ ಬೇಕಂತಲೇ ಬಿಗಿ. ಮೂರು ಬೆರಳು ಹಿಡಿ ಸುತ್ತ, ತೋರುಬೆರಳು ಬೇಕಾದ್ರೆ ಅಡ್ಡಪಟ್ಟಿ ದಾಟಿ ಅಲಗಿನ ಬುಡದ ಮೇಲೆ. ಅಲ್ಲಿ ಬಾಯಿ, ಅಂದ್ರೆ ಹರಿತದ ಅಂಚು, ಮಸೆದಿರಲ್ಲ, ಮೊಂಡಾಗೇ ಬಿಟ್ಟಿರ್ತಾರೆ. ಹೀಗೆ ಹಿಡಿದು, ಫೆನ್ಸಿಂಗ್‌ನವರ ಹಾಗೆ ಮೊನೆಯನ್ನ ಎದುರಾಳಿ ಎದೆಗೆ ನೇರ ಚಾಚೋಕೆ ನೋಡಿ. ಬಿಲ್ಲೆ ಬಂದು ಮಣಿಕಟ್ಟಿಗೆ ಒತ್ತುತ್ತೆ. ನೋವಾಗುತ್ತೆ. "ಆ ಕೆಲಸಕ್ಕಲ್ಲ ನಾನು" ಅಂತ ಕತ್ತಿ ಹೇಳ್ತಿದೆ. ಮಣಿಕಟ್ಟು ಕಟ್ಟಿಹಾಕಿದ ಮೇಲೆ ಏಟು ಭುಜದಿಂದ, ಮೊಣಕೈಯಿಂದ ಬರಬೇಕು. ಬಡಿಯೋ ಏಟಲ್ಲ, ಎಳೆಯೋ ಏಟು.

ಎಳೆಯೋದು ಯಾಕೆ ಅಂತ ತಿಳಿಯೋಕೆ ಮ್ಯೂಸಿಯಂಗೆ ಹೋಗಬೇಕಿಲ್ಲ, ಅಡುಗೆಮನೆಗೆ ಹೋಗಿ. ಈಳಿಗೆ ಮಣೆ ಮೇಲೆ ಟೊಮೆಟೊ ಇಟ್ಟು ಸುಮ್ನೆ ಒತ್ತಿ, ಜಜ್ಜಿ ಹೋಗುತ್ತೆ. ಸ್ವಲ್ಪ ಜಾರಿಸಿ, ಸರಕ್ಕನೆ ಇಳಿಯುತ್ತೆ. ಬಾಗಿದ ತಲ್ವಾರ್ ಓಡೋ ಈಳಿಗೆ. ಬಾಗು ಇರೋದ್ರಿಂದ ಬಾಯಿ ಓರೆಯಾಗಿ ತಗಲುತ್ತೆ, ತೋಳನ್ನ ಹಿಂದಕ್ಕೆ ಎಳೆದ ಹಾಗೆ ಅಷ್ಟೂ ಉದ್ದದ ಅಲಗು ಜಾರ್ತಾ ಕೊಯ್ಯುತ್ತೆ. ಕುದುರೆ ಮೇಲೆ ಓಡ್ತಿದ್ರೆ ಅರ್ಧ ಕೆಲಸ ಕುದುರೆಯದೇ.

ಇನ್ನು ಎಡಗೈ. ಅದು ಖಾಲಿ ಇರಲಿಲ್ಲ ಕಣ್ರೀ, ಅದರಲ್ಲಿ ಗುರಾಣಿ ಇತ್ತು! ನಮ್ಮ ದುಂಡು ಗುರಾಣಿಯ ಮುಂದೆ ನಾಲ್ಕು ಲೋಹದ ಉಬ್ಬು ಗುಬ್ಬಿಗಳಿರ್ತವಲ್ಲ, ಅವು ಬರೀ ಅಲಂಕಾರ ಅಲ್ಲ. ಹಿಂದಗಡೆಯ ಬಳೆಗಳನ್ನ ಬಿಗಿದಿರೋ ಮೊಳೆಗಳ ತಲೆ ಅವು. ಆ ಬಳೆಗಳಿಗೆ ಎರಡು ಹಿಡಿಕೆ, ನಡುವೆ ಗೆಣ್ಣಿಗೆ ಪೆಟ್ಟಾಗದ ಹಾಗೆ ಪುಟ್ಟ ಮೆತ್ತೆ. ಏಟು ತಡೆಯೋ ಕೆಲಸ ಗುರಾಣಿದು, ಕೊಯ್ಯೋ ಕೆಲಸ ಕತ್ತಿದು. ಸಿನಿಮಾದಲ್ಲಿ ಹತ್ತು ನಿಮಿಷ ಬಾಯಿಗೆ ಬಾಯಿ ಕೊಟ್ಟು ಠಣ್ ಠಣ್ ಅಂತ ಬಡಿದಾಡ್ತಾರಲ್ಲ, ಅಷ್ಟು ಹೊತ್ತಿಗೆ ಎರಡೂ ಗರಗಸ ಆಗಿರ್ತವೆ. ನಮ್ಮೂರ ವೀರಗಲ್ಲುಗಳ ಮುಂದೆ ಒಂದು ನಿಮಿಷ ನಿಂತಿದ್ರೂ ಸಾಕಿತ್ತು. ಬಲಗೈಲಿ ಕತ್ತಿ, ಎಡಗೈಲಿ ಗುರಾಣಿ ಹಿಡಿದ ವೀರರು ಎಷ್ಟೋ ಕಲ್ಲುಗಳ ಮೇಲಿದ್ದಾರೆ. ಎಂಟುನೂರೋ ಸಾವಿರವೋ ವರ್ಷದಿಂದ ನಿಂತೇ ಇದ್ದಾರೆ, ಸ್ಟಂಟ್ ಮಾಸ್ಟರ್ ಬಂದು ನೋಡಲಿ ಅಂತ.

"ನೇರ ಅಲಗಿನ ಖಂಡಾ ಎರಡು ಕೈಲಿ ಹಿಡೀತಿರಲಿಲ್ವಾ?" ಅಂತ ಯಾರೋ ಕೇಳೇ ಕೇಳ್ತೀರ. ಹಿಡೀತಿದ್ರು. ಅದಕ್ಕೇ ಖಂಡಾದ ಬಿಲ್ಲೆಯಿಂದ ಒಂದು ಉದ್ದ ಕಡ್ಡಿ ಹೊರಗೆ ಚಾಚಿರುತ್ತೆ, ಎರಡನೇ ಕೈಗೆ ಅಂತಲೇ. ತಲ್ವಾರ್‌ಗೆ ಆ ಕಡ್ಡಿ ಇಲ್ಲ. ನಾನು ಹೇಳ್ತಿರೋದೂ ಅದೇ, ಹಿಡಿ ನೋಡಿ ಅಂತ.

ಈಗ ಜಪಾನಿನ ಕಟಾನಾ. ಹಿಡಿ ಉದ್ದ, ಒಂದಡಿಗೆ ಒಂದೆರಡು ಇಂಚು ಕಡಿಮೆ ಇರಬಹುದು. ಅಲಗು 70 ಸೆಂಟಿಮೀಟರ್ ಆಸುಪಾಸು, ತೂಕ ಒಂದು ಕಿಲೋ ಮೇಲೆ ಸ್ವಲ್ಪ. ಸಮುರಾಯ್ ಕೈಲಿ ಗುರಾಣಿ ಇರಲಿಲ್ಲ. ಹಾಗಾಗಿ ಎರಡೂ ಕೈ ಕತ್ತಿಗೇ. ಬಲಗೈ ತಡೆಬಿಲ್ಲೆ ಹತ್ರ, ಎಡಗೈ ತುದಿಯಲ್ಲಿ, ಬಲವೆಲ್ಲ ಎಡಗೈಯ ಕಿರುಬೆರಳು, ಉಂಗುರಬೆರಳಲ್ಲಿ. ಏಟು ತಗಲೋ ಕ್ಷಣಕ್ಕೆ ಒದ್ದೆ ಬಟ್ಟೆ ಹಿಂಡೋ ಹಾಗೆ ಎರಡೂ ಮುಷ್ಟಿ ಒಳಕ್ಕೆ ಬಿಗಿಬೇಕು. ಅಲಗು ಹೋಗೋ ದಾರಿಯೂ ಬಾಯಿಯ ದಿಕ್ಕೂ ಒಂದೇ ಗೆರೆಯಲ್ಲಿರಬೇಕು. ಓರೆಯಾಯ್ತೋ, ಅಲಗು ಬಾಗುತ್ತೆ, ಬಾಗಿದ್ದು ಬಾಗೇ ಉಳಿಯುತ್ತೆ. ಕಾರಣ ಕುಲುಮೆಯಲ್ಲಿದೆ. ಹದ ಕೊಡುವ ಮುಂಚೆ ಅಲಗಿಗೆ ಜೇಡಿ ಬಳೀತಾರೆ, ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ. ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಥಟ್ಟನೆ ತಣಿದು ಗಾಜಿನ ಹಾಗೆ ಗಟ್ಟಿಯಾಗುತ್ತೆ, ಬೆನ್ನು ನಿಧಾನಕ್ಕೆ ತಣಿದು ಮೆತ್ತಗೇ ಉಳಿಯುತ್ತೆ. ಕಟಾನಾದ ಬಾಗು ಬಹುಪಾಲು ಹುಟ್ಟೋದು ಆ ನೀರಲ್ಲೇ. ಕೆಲವು ಸಲ ಅಲ್ಲೇ ಟಿಕ್ ಅಂತ ಸೀಳು ಬಿಡುತ್ತೆ, ಅಷ್ಟು ದಿನದ ಕೆಲಸ ಗುಜರಿಗೆ. ಇಂಥ ಗಟ್ಟಿ ಬಾಯನ್ನ ಇನ್ನೊಂದು ಕತ್ತಿ ಬಾಯಿಗೆ ಬಡಿದ್ರೆ ಚಕ್ಕೆ ಏಳುತ್ತೆ. "ಕಟಾನಾ ಏನು ಬೇಕಾದ್ರೂ ಕತ್ತರಿಸುತ್ತೆ, ತಲ್ವಾರ್ ಯಾವ ಲೆಕ್ಕ" ಅಂತ ಟ್ರೇಲರ್ ಕೆಳಗೆ ಬರೆದಿರೋ ಹುಡುಗರಿಗೆ ಇಷ್ಟು ಸಾಕು.

ಇನ್ನೊಂದು ಕಡೆ "ನಮ್ಮ ಉಕ್ಕೇ ಜಗತ್ತಿಗೆ ಶ್ರೇಷ್ಠ" ಬಳಗ. ನಿಮ್ಮ ಹೆಮ್ಮೆಗೆ ಆಧಾರ ಇದೆ, ಇಲ್ಲ ಅನ್ನಲ್ಲ. ಇಲ್ಲಿನ ಮೂಸೆ ಉಕ್ಕಿಗೆ ಇಂಗ್ಲಿಷಿನಲ್ಲಿ ಹೇಳೋ ವೂಟ್ಸ್ ಅನ್ನೋ ಪದದ ಹಿಂದಿರೋದು ನಮ್ಮ 'ಉಕ್ಕು' ಅಂತಲೇ ಸಾಮಾನ್ಯವಾಗಿ ಹೇಳ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅನ್ನೋ ಸ್ಕಾಟಿಷ್ ವೈದ್ಯ ಇಲ್ಲಿ ಮೂಸೆಯಲ್ಲಿ ಉಕ್ಕು ಮಾಡೋದನ್ನ ಬರೆದಿಟ್ಟಿದ್ದಾನೆ. ಆದ್ರೆ ಆ ಉಕ್ಕಿಗೂ ಒಂದು ಹಠ ಇದೆ. ಅದರಲ್ಲಿ ಇಂಗಾಲ ಶೇ. 1.5ರ ಆಸುಪಾಸು. ಮಾಮೂಲಿ ಕಬ್ಬಿಣದ ಹಾಗೆ ಬಿಳಿಗಾವಿನಲ್ಲಿ ಸುತ್ತಿಗೆ ಹಾಕಿದ್ರೆ ಬೆಲ್ಲದ ಹಾಗೆ ಪುಡಿಯಾಗುತ್ತೆ. ಕೆಂಪಗಿರುವಾಗಲೇ ತಾಳ್ಮೆಯಿಂದ ಬಡೀಬೇಕು. ಯುರೋಪಿನ ಕಮ್ಮಾರರು ಮುಗ್ಗರಿಸಿದ್ದೇ ಇಲ್ಲಿ. ಉಕ್ಕು ಎಷ್ಟೇ ಒಳ್ಳೇದಾಗಿದ್ರೂ ಎರಡು ಕೈಲಿ ಹಿಡಿಯೋಕೆ ಜಾಗ ಮಾತ್ರ ಆ 8 ಸೆಂಟಿಮೀಟರೇ!

ಯುರೋಪಿನ ಕತ್ತಿ ಬಗ್ಗೆ ಇರೋ ಮೂಢನಂಬಿಕೆ ಬೇರೆ ತರ. ಹತ್ತು ಕಿಲೋ ತೂಗ್ತಿತ್ತಂತೆ, ಎತ್ತೋಕೇ ಆಗ್ತಿರಲಿಲ್ವಂತೆ. 15ನೇ ಶತಮಾನದ ಎರಡು ಕೈ ಉದ್ದಗತ್ತಿ ಹೆಚ್ಚುಕಮ್ಮಿ ಒಂದೂವರೆ ಕಿಲೋ, ಅಷ್ಟೇ. ಅಲ್ಲಿ ತೊಂದರೆ ಬೇರೆ, ಎದುರಾಳಿ ಅಡಿಯಿಂದ ಮುಡಿವರೆಗೆ ಉಕ್ಕಿನ ತಗಡು ತೊಟ್ಟಿದ್ದಾನೆ. ಅದನ್ನ ಯಾವ ಕತ್ತಿಯೂ ಕತ್ತರಿಸಲ್ಲ, ನಿಮ್ಮ ಕಟಾನಾನೂ ಸೇರಿ. ಆಗ ಅವರು ಎಡಗೈಲಿ ತಮ್ಮ ಕತ್ತಿಯ ಅಲಗನ್ನೇ ನಡುಮಧ್ಯ ಹಿಡಿದು ಗಿಡ್ಡ ಈಟಿ ತರ ಮಾಡಿಕೊಂಡು ಕಂಕುಳು, ಮೊಣಕೈ ಸಂದು, ಮುಖಗವಸಿನ ಸೀಳಿಗೆ ಮೊನೆ ತೂರಿಸ್ತಿದ್ರು. ಇಲ್ಲಾಂದ್ರೆ ಎರಡೂ ಕೈಲಿ ಅಲಗು ಹಿಡಿದು ಹಿಡಿಯಿಂದಲೇ ಸುತ್ತಿಗೆ ಏಟು. ಕೈ ಕೊಯ್ಯಲ್ವಾ? ಮತ್ತೆ ಈಳಿಗೆಗೇ ಬನ್ನಿ. ಬಿಗಿಯಾಗಿ ಹಿಡಿದಿದ್ರೆ, ಜಾರದಿದ್ರೆ, ಕೊಯ್ಯೋದು ಕಷ್ಟ. ಸಡಿಲ ಬಿಟ್ಟೋ, ಬೆರಳು ಹೋಯ್ತು. (ದಯವಿಟ್ಟು ಮನೇಲಿ ಯಾರೂ ಪ್ರಯತ್ನ ಮಾಡಬೇಡಿ.)

ಆಮೇಲೆ ಅಲ್ಲೇ ಪೇಟೆ ಬೀದಿಯಲ್ಲಿ, ತಗಡೂ ಇಲ್ಲದೆ ಗುರಾಣಿಯೂ ಇಲ್ಲದೆ ಸೊಂಟಕ್ಕೆ ರೇಪಿಯರ್ ಅನ್ನೋ ಸಣಕಲು ಉದ್ದಗತ್ತಿ ಕಟ್ಟಿಕೊಂಡು ಓಡಾಡೋರು ಬಂದ್ರು. ಗುರಾಣಿ ಹೋದ್ಮೇಲೆ ಬೆರಳು ಕಾಯೋರ್ಯಾರು? ಹಿಡಿಗೇ ಬಳೆ, ಕೊಂಡಿ, ಕೊನೆಗೆ ಬಟ್ಟಲು ಬೆಳೀತು. ಅಲಗು ಮೀಟರ್ ದಾಟಿ, ಕೊಯ್ತ ಹಿಂದೆ ಸರಿದು ಚುಚ್ಚೋದೇ ಮುಖ್ಯ ಆಯ್ತು. 1553ರಲ್ಲಿ ಕಮಿಲ್ಲೊ ಅಗ್ರಿಪ್ಪ ಅನ್ನೋ ಎಂಜಿನಿಯರ್ ಇದನ್ನ ರೇಖಾಗಣಿತ ಮಾಡಿಬಿಟ್ಟ, ಮುಖ್ಯ ನಿಲುವು ನಾಲ್ಕೇ ಅಂದ. ಒಲಿಂಪಿಕ್ಸ್ ಫೆನ್ಸಿಂಗ್‌ನಲ್ಲಿ ನೋಡೋ ಫಾಯಿಲ್, ಎಪೇ ಕತ್ತಿಗಳು ಈ ಚುಚ್ಚೋ ಪರಂಪರೆಯವು. ಭವಾನಿ ದೇವಿ ಟೋಕಿಯೋದಲ್ಲಿ ಆಡಿದ ಸೇಬರ್ ಕುದುರೆ ಸವಾರರ ಕಡೆಯದು, ಅದಕ್ಕೇ ಅದರಲ್ಲಿ ಬೀಸೇಟಿಗೂ ಅಂಕ.

ಇಷ್ಟು ದೂರ ಯಾಕೆ, ಕೊಡಗಿಗೆ ಹೋಗಿ. ಒಡಿಕತ್ತಿಯ ಬಾಯಿ ಇರೋದು ಬಾಗಿನ ಒಳಬದಿಗೆ, ಭಾರವೆಲ್ಲ ಮುಂದಕ್ಕೆ. ಅದು ಎಳೆಯೋ ಕತ್ತಿಯಲ್ಲ, ಕಡಿಯೋ ಕತ್ತಿ. ಒರೆಯೂ ಇಲ್ಲ, ಸೊಂಟದ ಹಿಂದೆ ಹಿತ್ತಾಳೆ ಕೊಂಡಿಗೆ ಸಿಕ್ಕಿಸಿಕೊಳ್ಳೋದು. ಪಕ್ಕದ ಕೇರಳದ ಉರುಮಿಗೆ ಕಡಿಯೋದೂ ಗೊತ್ತಿಲ್ಲ, ಚುಚ್ಚೋದೂ ಗೊತ್ತಿಲ್ಲ, ಬಳುಕೋ ಪಟ್ಟಿ ಅದು. ಬೀಸು ನಿಂತರೆ ಬೀಸಿದವನಿಗೇ ಸುತ್ತಿಕೊಳ್ಳುತ್ತೆ. ಪಕ್ಕಪಕ್ಕದ ಎರಡು ಸೀಮೆಗೇ ಇಷ್ಟು ವ್ಯತ್ಯಾಸ. ನಮ್ಮ ಸಿನಿಮಾದಲ್ಲಿ ಮಾತ್ರ ಇಡೀ ಭೂಮಂಡಲಕ್ಕೆ ಒಂದೇ ವರಸೆ.

"ಅಯ್ಯೋ ಮನರಂಜನೆ ಸಾರ್, ಬಿಡಿ." ಬಿಡಲ್ಲ. ಕ್ರಿಕೆಟ್ ಸಿನಿಮಾದಲ್ಲಿ ಹೀರೋ ಬ್ಯಾಟನ್ನ ತಲೆಕೆಳಗಾಗಿ ಹಿಡಿದು ಸಿಕ್ಸರ್ ಹೊಡೆದ್ರೆ ಸುಮ್ನಿರ್ತೀರಾ? ಥಿಯೇಟರ್ ಕುರ್ಚಿ ಉಳಿಯುತ್ತಾ? 2023ರಲ್ಲಿ ಟಿಪ್ಪುವಿನ ಒಂದು ಕತ್ತಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾದಾಗ ವಾರಗಟ್ಟಲೆ ಜಗಳ ಆಡಿದ್ವಿ. ಅದನ್ನ ಹಿಡಿಯೋದು ಹೇಗೆ ಅಂತ ಒಬ್ಬ ಕೇಳಲಿಲ್ಲ.

ಒಂದು ಒಪ್ಕೋತೀನಿ. ಒರೆಯಿಂದ ಕತ್ತಿ ಹಿರಿಯುವಾಗ ಬರೋ ಆ "ಶ್ಶ್‌ಯಿಂಗ್" ಸದ್ದಿಗೆ ನನಗೂ ಮೈ ಜುಂ ಅನ್ನುತ್ತೆ. ನಿನ್ನೆ ಟ್ರೇಲರ್‌ನಲ್ಲಿ ಏಳು ಸಲ ಬಂತು, ಎಣಿಸಿದೆ. ಆದ್ರೆ ತಲ್ವಾರ್‌ನ ಒರೆ ಸಾಮಾನ್ಯವಾಗಿ ಮರದ್ದು, ಮೇಲೆ ಚರ್ಮವೋ ಬಟ್ಟೆಯೋ. ಸದ್ದು ಬರಲ್ಲ. ಬ್ರಿಟಿಷ್ ಅಶ್ವದಳದ ಕ್ಯಾಪ್ಟನ್ ನೋಲನ್ 1853ರಲ್ಲೇ ಈ ಒರೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಹೈದರಾಬಾದ್ ನಿಜಾಮನ ಸವಾರರ ಏಟು ಅಷ್ಟು ಭೀಕರವಾಗಿ ಕೊಯ್ಯೋದು ಹೇಗೆ ಅಂತ ವಿಚಾರಿಸಿದ್ರೆ, ಅವರ ಕೈಲಿದ್ದದ್ದು ಬ್ರಿಟಿಷ್ ಸೈನ್ಯವೇ ಎಸೆದ ಹಳೇ ಅಲಗುಗಳು! ದೇಸಿ ಹಿಡಿ ಹಾಕಿ, ಕ್ಷೌರದ ಕತ್ತಿ ಹಾಗೆ ಮಸೆದು, ಮರದ ಒರೆಯಲ್ಲಿಟ್ಟು, ಕಾಳಗ ಬಿಟ್ರೆ ಹೊರಗೆ ತೆಗೀತಿರಲಿಲ್ಲ. ಬ್ರಿಟಿಷ್ ಸವಾರನ ಒರೆ ಉಕ್ಕಿನದ್ದು, ಪ್ರತಿ ಸಲ ಎಳೆದಾಗಲೂ ಬಾಯಿ ಉಜ್ಜಿ ಉಜ್ಜಿ ಸವೀತಿತ್ತು.

ಅಂದ್ರೆ ಏಳು ಸಲ "ಶ್ಶ್‌ಯಿಂಗ್" ಅಂದ ನಮ್ಮ ಹೀರೋ ಕತ್ತಿ ಇಷ್ಟೊತ್ತಿಗೆ ಬೆಣ್ಣೆ ಹಚ್ಚೋಕೆ ಲಾಯಕ್ಕು.