ಹತ್ರಾನೇ ಸರ್, ಹತ್ತು ನಿಮಿಷ

ನಮ್ಮಕ್ಕನ ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಯಿಂದ ಅಕ್ಕ ಫೋನ್ ಮಾಡಿ, "ಒಳ್ಳೆ ಏರಿಯಾದಾಗ ಒಂದು ಮನಿ ನೋಡಪ, ಆಫೀಸಿಗೂ ಹತ್ರ ಇರ್ಬೇಕು, ನಿಮ್ಮನಿಗೂ ಹತ್ರ ಇರ್ಬೇಕು" ಅಂದಳು. ಪಾಪ, ಅವಳ ತಪ್ಪಲ್ಲ. ಅವಳ ಊರಲ್ಲಿ ಈ ತುದಿಯಿಂದ ಆ ತುದಿಗೆ ಸ್ಕೂಟರಲ್ಲಿ ಅರ್ಧ ಗಂಟೆ, ಅದೂ ರೈಲ್ವೆ ಗೇಟ್ ಹಾಕಿದ್ದರೆ. ಹುಡುಗನ ಆಫೀಸು ಬೆಳ್ಳಂದೂರಲ್ಲಿ, ನಮ್ಮ ಮನೆ ನಾಗರಭಾವಿಯಲ್ಲಿ. ಎರಡಕ್ಕೂ ಸರಿಯಾಗಿ ನಡುವೆ ಯಾವ ಜಾಗ ಅಂತ ಮ್ಯಾಪಲ್ಲಿ ಬೆರಳಿಟ್ಟು ನೋಡಿದೆ. ಲಾಲ್‌ಬಾಗ್ ಹತ್ತಿರ ಬಿತ್ತು. ಅಲ್ಲಿರೋದು ಗಾಜಿನ ಮನೆ ಒಂದೇ, ಅದನ್ನು ಬಾಡಿಗೆಗೆ ಕೊಡಲ್ಲ.

ಈ ಊರಲ್ಲಿ 'ಹತ್ತಿರ'ವನ್ನು ಕಿಲೋಮೀಟರಲ್ಲಿ ಅಳೆಯೋದು ಬಿಟ್ಟು ಎಷ್ಟೋ ವರ್ಷ ಆಯಿತು. ಈಗೇನಿದ್ದರೂ ನಿಮಿಷದ ಲೆಕ್ಕ. ಆದರೆ ಯಾವ ಹೊತ್ತಿನ ನಿಮಿಷ ಅಂತ ಕೇಳಬೇಕು. ಬ್ರೋಕರ್ ಹೇಳುವ ಹತ್ತು ನಿಮಿಷ ಬೆಳಗಿನ ಜಾವ ನಾಲ್ಕೂವರೆಯದು, ಅದೂ ಭಾನುವಾರದ್ದು, ಅದೂ ಯುಗಾದಿಗೆ ಊರೆಲ್ಲ ಊರಿಗೆ ಹೋಗಿದ್ದಾಗಿನದು. ಜಾಹೀರಾತಿನ 'ಹತ್ತಿರ' ಇನ್ನೂ ಬೇರೆ. ಏರ್‌ಪೋರ್ಟ್ ಹತ್ತಿರ ಅಂದರೆ ಚಿಕ್ಕಬಳ್ಳಾಪುರ. ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಅಂದರೆ ಅತ್ತಿಬೆಲೆ ಟೋಲ್ ಆಚೆ, ಅಂಗಡಿ ಬೋರ್ಡು ತಮಿಳಿಗೆ ತಿರುಗುವಷ್ಟು ಹತ್ತಿರ. ಕೆಂಪೇಗೌಡರ ಕಾಲದ ಗಡಿ ಗೋಪುರ ನಾಲ್ಕಿವೆ, ಲಾಲ್‌ಬಾಗು, ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ಸರ್ಕಲ್ ಕಡೆ. ಊರು ಇಲ್ಲಿಗೆ ಮುಗೀತು ಅಂತ ಕಲ್ಲಲ್ಲಿ ಕಟ್ಟಿ ಹೇಳಿದ್ದು. ಯಾರೂ ಕೇಳಲಿಲ್ಲ.

ಬ್ರೋಕರ್‌ಗಳನ್ನು ಬೈದು ಏನು ಪ್ರಯೋಜನ, ಸರ್ಕಾರಾನೇ ಅವರ ದಾರಿ ಹಿಡಿದಿದೆಯಲ್ಲ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಒಪ್ಪಿತು. ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ಅದರಲ್ಲೊಂದು ಬೆಂಗಳೂರು ದಕ್ಷಿಣ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಮೊದಲೇ ಇತ್ತು, ವಿಧಾನಸಭಾ ಕ್ಷೇತ್ರವೂ ಇತ್ತು, ತಾಲ್ಲೂಕೂ ಇತ್ತು. ಈಗ ಯಾರಾದರೂ 'ಬೆಂಗಳೂರು ಸೌತಲ್ಲಿ ಮನೆ ತಗೊಂಡೆ' ಅಂದರೆ ಜಯನಗರಕ್ಕೆ ಹೂವು ತಗೊಂಡು ಹೋಗಬೇಕೋ, ಚನ್ನಪಟ್ಟಣಕ್ಕೆ ಬುತ್ತಿ ಕಟ್ಟಿಕೊಂಡು ಹೋಗಬೇಕೋ ತಿಳಿಯಲ್ಲ. ಮಾಗಡಿ ಕನಕಪುರದವರಿಗೆ ಇದ್ದಲ್ಲೇ ಬೆಂಗಳೂರು ಸಿಕ್ಕಿತು. ಟ್ರಾಫಿಕ್ ಇಲ್ಲದೆ ಬೆಂಗಳೂರು ಸೇರಿದವರು ಅವರೊಬ್ಬರೇ.

ಸಲಹೆ ಕೇಳೋಣ ಅಂತ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋದೆವು. "ಮಲ್ಲೇಶ್ವರ ಬಿಟ್ರೆ ಮಿಕ್ಕಿದ್ದೆಲ್ಲ ಲೇಔಟು ಕಣಪ್ಪ" ಅಂದರು. ಬಸವನಗುಡಿಯವರೂ ಇದನ್ನೇ ಹೇಳುತ್ತಾರೆ, ಊರಿನ ಹೆಸರು ಮಾತ್ರ ಬದಲು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಜನ ಜೀವ ಉಳಿಸಿಕೊಳ್ಳಲು ಓಡಿದ್ದು ಈ ಎರಡು ಬಡಾವಣೆಗಳಿಗೇ. ಆಗ ಒಂದೇ ಪ್ರಶ್ನೆ: ಅಲ್ಲಿ ಇಲಿ ಸಾಯ್ತಿವೆಯಾ, ಇಲ್ವಾ? ಇಷ್ಟು ಸಲೀಸಾಗಿ ಬೆಂಗಳೂರಲ್ಲಿ ಏರಿಯಾ ಆರಿಸಿದ್ದು ಅದೇ ಕೊನೆ ಇರಬೇಕು.

ಸರಿ, ಮೆಟ್ರೋ ಯೆಲ್ಲೋ ಲೈನ್ ಕಡೆ ನೋಡೋಣ ಅಂದುಕೊಂಡೆವು. ಹೊಂಗಸಂದ್ರ, ಸಿಂಗಸಂದ್ರ ಅಂತ ಸ್ಟೇಷನ್‌ಗಳಿವೆ. ಸಮುದ್ರ ಅನ್ನೋದೇ ಸವೆದು ಸಂದ್ರ ಆಗಿದೆ ಅಂತಾರೆ, ಅಷ್ಟು ದೊಡ್ಡ ಕೆರೆಗಳಿದ್ದವಂತೆ. ಅಂಥದ್ದೇ ಒಂದು ಸಂದ್ರದಲ್ಲಿ (ಯಾವುದು ಅಂತ ಹೇಳಲ್ಲ, ಅಡ್ವಾನ್ಸ್ ಕೊಟ್ಟು ಕೂತವರಿಗೆ ಬೇಜಾರಾದೀತು) ಬ್ರೋಕರ್ ಮೂರನೇ ಮಹಡಿಗೆ ಹತ್ತಿಸಿದ. ಮೆಟ್ರೋಗೆ ಐದೇ ನಿಮಿಷದ ನಡಿಗೆ ಅಂದಿದ್ದ. ಅವನು ಬಂದಿದ್ದು ಸ್ಕೂಟರಲ್ಲಿ. ನಡೆದು ಬಂದ ನಾವು ಇನ್ನೂ ಏದುಸಿರು ಬಿಡ್ತಾ ಇದ್ದೆವು.

"ನೀರು ಹೇಗಪ್ಪಾ?"

"ಕಾವೇರಿ ಇದೆ ಸರ್."

ನಲ್ಲಿ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು, ಆಮೇಲೆ ಒಂದು ಕೆಮ್ಮು, ಆಮೇಲೆ ಕಂದು ಬಣ್ಣದ ಎರಡು ಹನಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲೇ ಉದ್ಘಾಟನೆ ಆಗಿದೆ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ಅಂತ ಪೇಪರಲ್ಲಿ ಓದಿದ್ದೆ. ಅವನ ಮುಖ ನೋಡಿದೆ.

"ಲೈನ್ ಇದೆ ಸರ್," ಅಂದ, ಸ್ವಲ್ಪ ನೊಂದುಕೊಂಡು. "ನೀರು ಬರ್ಬೇಕು ಅಷ್ಟೆ."

ಮೆಟ್ರೋ ಕಥೆಯೂ ಹೀಗೇ. 2025ರ ಆಗಸ್ಟಲ್ಲಿ ಈ ಲೈನ್ ಶುರುವಾದಾಗ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಸರಿ, ಹುಡುಗ ಸಿಲ್ಕ್ ಬೋರ್ಡಲ್ಲಿ ಇಳಿದ ಅಂತಿಟ್ಟುಕೊಳ್ಳಿ. ಅಲ್ಲಿಂದ ಬೆಳ್ಳಂದೂರಿಗೆ? "ಬ್ಲೂ ಲೈನ್ ಬರ್ತಾ ಇದೆಯಲ್ಲ ಸರ್, ಪಿಲ್ಲರ್ ನೋಡಿಲ್ವಾ?" ನೋಡಿದ್ದೇನೆ. ಪಿಲ್ಲರ್ ಪಕ್ಕ ಬಸ್ಸಲ್ಲಿ ಮುಕ್ಕಾಲು ಗಂಟೆ ಕೂತು, ಒಂದೇ ಪಿಲ್ಲರನ್ನು ನೋಡಿದ್ದೇನೆ.

ಓನರ್ ಕೆಳಗಡೆ ಮನೆಯವರು. ಬ್ಯಾಚುಲರಾ, ಮೊಟ್ಟೆ ತಿಂತಾರಾ, ಫ್ರೆಂಡ್ಸ್ ಬರ್ತಾರಾ, ಬಂದರೆ ಎಷ್ಟು ಹೊತ್ತಿಗೆ ಹೋಗ್ತಾರೆ ಎಲ್ಲಾ ಕೇಳಿದರು. ಸಂಬಳ ಮಾತ್ರ ಕೊನೆಗೆ, ಮೆಲ್ಲಗೆ. ಹತ್ತು ತಿಂಗಳ ಅಡ್ವಾನ್ಸ್ ಅಂದರು. ಕೇಂದ್ರ ಸರ್ಕಾರ 2021ರಲ್ಲೇ ಮಾದರಿ ಬಾಡಿಗೆ ಕಾಯ್ದೆ ಮಾಡಿದೆ, ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತಿದೆ ಅಂದೆ. ಅವರಿಗೂ ಗೊತ್ತಿತ್ತು. "ಅದು ಮಾದರಿ ಸರ್," ಅಂದರು. "ಇದು ಮನೆ."

ಕೊನೆಗೆ ಹುಡುಗ ತಾನೇ ಹೋಗಿ ಕಸವನಹಳ್ಳಿ ಕಡೆ ಒಂದು ರೂಮು ಹಿಡಿದ. ಆ ಸರ್ಜಾಪುರ ರಸ್ತೆ ಸೀಮೆ ಗೊತ್ತಲ್ಲ, 2022ರ ಸೆಪ್ಟೆಂಬರಲ್ಲಿ ಮಳೆ ಹೊಡೆದಾಗ ಕೋಟಿಗಟ್ಟಲೆ ಬೆಲೆಯ ವಿಲ್ಲಾ ಜನ ಲ್ಯಾಪ್‌ಟಾಪ್ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಕಡೆ. ಒಂದೂವರೆ ವರ್ಷಕ್ಕೆ, 2024ರ ಮಾರ್ಚಲ್ಲಿ, ಅಲ್ಲೇ ಕುಡಿಯೋ ನೀರಿಗೆ ಟ್ಯಾಂಕರ್ ಕಾದರು. ಜಿಲ್ಲಾಡಳಿತ 12,000 ಲೀಟರಿಗೆ ಸಾವಿರ ರೂಪಾಯಿ ಅಂತ ದರ ಕಟ್ಟಬೇಕಾಯಿತು, ಅದೂ ಐದು ಕಿಲೋಮೀಟರ್ ಒಳಗೆ. ಇದನ್ನೆಲ್ಲ ಹುಡುಗನಿಗೆ ಹೇಳಿದೆ. "ಇರಲಿ ಬಿಡು ಮಾಮ, ಆಫೀಸಿಗೆ ಹತ್ರ" ಅಂದ. ಎಷ್ಟು ಹತ್ತಿರ? ಐದು ಕಿಲೋಮೀಟರ್. ಎಷ್ಟು ಹೊತ್ತು? ಅದಕ್ಕೆ ಉತ್ತರ ಕೊಡದೆ ನಕ್ಕ. ಬಂದು ಮೂರು ವಾರಕ್ಕೇ ಬೆಂಗಳೂರಿನವನಾಗಿದ್ದ.

ಅಕ್ಕ ಫೋನ್ ಮಾಡಿದಳು. "ನಿಮ್ಮನಿಗೆ ಹತ್ರ ಐತೇನಪ?"

"ಹೂಂ ಅಕ್ಕ, ಹತ್ರಾನೇ" ಅಂದೆ.

ಇದಾಗಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಒಂದೇ ಸಲ ಭೇಟಿ ಆಗಿರೋದು. ಹಬ್ಬಕ್ಕೆ, ದಾವಣಗೆರೆಯಲ್ಲಿ.